ಕಟ್ಟೆ ಕೋಚ್

ಹಾಸನದ ಕಾಲೇಜು ಮೈದಾನದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುವಾಗ ಕೋಚ್ ಎಲ್ಲಿ ಎಂದು ಹುಡುಕಿದರೆ ಇಬ್ಬರು ಸಿಗುತ್ತಾರೆ. ಒಬ್ಬರು ಕೊರಳಿಗೆ ವಿಷಲ್ ಹಾಕಿಕೊಂಡು ಸ್ಕೋರ್ ಶೀಟು, ನೀರಿನ ಕ್ಯಾನು, ಮಂಡಿಗೆ ಹೊಡೆಯುವ ಸ್ಪ್ರೇ ಎಲ್ಲವನ್ನೂ ಸಂಭಾಳಿಸುವ ದೈಹಿಕ ಶಿಕ್ಷಣ ನಿರ್ದೇಶಕರು. ಇನ್ನೊಬ್ಬರು ಕೋರ್ಟಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಕೂತು ಅವರಿಗಿಂತ ಜೋರಾಗಿ ಕೂಗುವವರು. ಸಂಬಳ ಮೊದಲನೆಯವರಿಗೆ, ಬಿ.ಪಿ. ಎರಡನೆಯವರಿಗೆ. ಈ ಎರಡನೆಯವರೇ ಕಟ್ಟೆ ಕೋಚ್.

ತಾಲ್ಲೂಕು ಬದಲಾದಂತೆ ತಳಿಯೂ ಸ್ವಲ್ಪ ಬದಲಾಗುತ್ತದೆ. 1996ರಲ್ಲಿ ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ಹೊಳೆನರಸೀಪುರದ ಕಡೆಯವರು ಚೆಂಡಿಗಿಂತ ಹೆಚ್ಚಾಗಿ ತಂಡದ ಪಟ್ಟಿಯನ್ನು ನೋಡುತ್ತಾರೆ: ಯಾರನ್ನು ಬಿಟ್ಟರು, ಯಾಕೆ ಬಿಟ್ಟರು, ಬಿಡಿಸಿದವರು ಯಾರು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಗಳದು ಶುದ್ಧ ಲೆಕ್ಕ. ಎಷ್ಟು ಎಸೆದರು, ಎಷ್ಟು ಬಿತ್ತು. ಅರಕಲಗೂಡಿನ ರೈತರು ಆಲೂಗಡ್ಡೆಯ ರೇಟನ್ನೂ ಮಳೆಯ ಆಟವನ್ನೂ ಕಂಡವರಾದ್ದರಿಂದ ಸೋಲನ್ನು ಕ್ಷಮಿಸುತ್ತಾರೆ. ಹಾಸನ ಪೇಟೆಯವರು ಮಾತ್ರ ಯಾವುದನ್ನೂ ಕ್ಷಮಿಸುವುದಿಲ್ಲ.

ಈ ಲೇಖಕನಿಗೆ ಗಂಟುಬಿದ್ದದ್ದು ಹಾಸನ ಪೇಟೆಯ ಒಬ್ಬ ನಿವೃತ್ತ ಯಜಮಾನರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಟೀ. ಅವರ ಬಾಯಲ್ಲಿ ಎರಡೇ ರೋಗಗಳ ಹೆಸರು: ಆಟಿಟ್ಯೂಡ್ ಮತ್ತು ಎಫರ್ಟ್. ಎದುರಾಳಿ ಹುಡುಗಿ ಅರ್ಧ ಅಡಿ ಹೆಚ್ಚು ಎತ್ತರ ಇದ್ದರೂ ಕಾರಣ ಆಟಿಟ್ಯೂಡೇ. ರಿಂಗ್ ಸ್ವಲ್ಪ ವಾಲಿಕೊಂಡಿದ್ದರೂ ಕಾರಣ ಎಫರ್ಟೇ.

ಒಂದು ಅಂತರ ಕಾಲೇಜು ಪಂದ್ಯ. ಮೂರನೇ ಕ್ವಾರ್ಟರ್ ಮುಗಿಯುತ್ತ ಬಂದಿದೆ, ನಮ್ಮ ಹುಡುಗಿಯರು ಇಪ್ಪತ್ತು ಪಾಯಿಂಟಿಗೂ ಹೆಚ್ಚು ಹಿಂದಿದ್ದಾರೆ. ಕೈಜಾರಿದ ಚೆಂಡು ಗೆರೆಯತ್ತ ಉರುಳಿತು. ಯಜಮಾನರು ಎದ್ದು ನಿಂತು, ‘ಬೀಳಮ್ಮಾ, ಬಿದ್ದು ಹಿಡಿ!’ ಎಂದು ಕೂಗಿದರು. ಹುಡುಗಿ ಓಡಿದಳು, ಕೈಚಾಚಿದಳು, ಬೀಳಲಿಲ್ಲ.

‘ನೋಡಿದ್ರಾ? ಟೀವೀಲಿ ಆ ಎನ್‌ಬಿಎ ಹುಡುಗ್ರು ಹೆಂಗೆ ಹಾರಿ ಬೀಳ್ತಾರೆ!’

‘ಅವರದು ಮರದ ನೆಲ ಸಾರ್. ಇದು ಸಿಮೆಂಟು, ಬಿದ್ರೆ ಚರ್ಮ ಕಿತ್ತು ಬರುತ್ತೆ.’

‘ಮನಸ್ಸಿದ್ರೆ ಸಿಮೆಂಟೂ ಮರಾನೇ ಕಣ್ರೀ.’

ಆ ವೇದಾಂತ ಮುಗಿಯುವಷ್ಟರಲ್ಲಿ ಇನ್ನೊಂದು ಚೆಂಡು ಕೋರ್ಟು ದಾಟಿ ನೇರ ಕಟ್ಟೆಯತ್ತ ಬಂತು. ವೇಗವೇನೂ ಇರಲಿಲ್ಲ, ಕಾಲು ಅಡ್ಡ ಇಟ್ಟಿದ್ದರೆ ನಿಲ್ಲುತ್ತಿತ್ತು. ಯಜಮಾನರು ಟೀ ಲೋಟವನ್ನು ಮೇಲಕ್ಕೆತ್ತಿ, ಪಂಚೆ ಸಮೇತ ಎರಡೂ ಕಾಲನ್ನು ಕಟ್ಟೆಯ ಮೇಲೆಳೆದುಕೊಂಡರು. ಪಕ್ಕದಲ್ಲಿದ್ದ ಲೇಖಕನ ಕಾಲುಗಳೂ ಅಷ್ಟೇ ಎತ್ತರಕ್ಕೆ ಹೋದವು, ಅದು ಬೇರೆ ಮಾತು. ಚೆಂಡು ಕೆಳಗಿಂದ ಸಾಗಿ ಚರಂಡಿ ಸೇರಿತು. ಹುಡುಗಿ ಓಡಿಬಂದು ಅದನ್ನು ಎತ್ತಿ ಜರ್ಸಿಗೇ ಒರೆಸಿಕೊಂಡು, ‘ಸಾರಿ ಅಂಕಲ್, ತಾಗ್ತಾ?’ ಎಂದಳು.

‘ಇಲ್ಲ ಇಲ್ಲ, ಹೋಗಮ್ಮ, ಆಡು’ ಎಂದರು ಮೆತ್ತಗೆ. ಅವಳು ಅತ್ತ ಹೋದದ್ದೇ ತಡ, ಇತ್ತ ತಿರುಗಿ, ‘ಕೇಳಿಸ್ಕೊಂಡ್ರಾ? ಇಪ್ಪತ್ತು ಪಾಯಿಂಟಲ್ಲಿ ಸೋಲ್ತಾ ಸಾರಿ ಬೇರೆ! ಒಂಚೂರು ಕೋಪ ಬೇಡ್ವಾ? ಆಟಿಟ್ಯೂಡ್ ಸರಿ ಇಲ್ಲ ಅನ್ನೋದು ಇದಕ್ಕೇ.’

ಪಂದ್ಯ ಮುಗಿದ ಮೇಲೆ ಗೇಟಿನ ಟೀ ಅಂಗಡಿಯಲ್ಲಿ ವಿಚಾರಣೆ. ಸೋತ ಹುಡುಗಿಯರು ಗೆದ್ದವರ ಜೊತೆ ನಿಂತು ನಗುನಗುತ್ತ ಸೆಲ್ಫಿ ತೆಗೆಸಿಕೊಂಡದ್ದೇ ಮುಖ್ಯ ಆರೋಪ. ಓಡಲಿಲ್ಲ ಎಂಬುದು ಒಂದು ಪಕ್ಷ, ಓಡಿದರೂ ಮನಸ್ಸಿಟ್ಟು ಓಡಲಿಲ್ಲ ಎಂಬುದು ಇನ್ನೊಂದು ಪಕ್ಷ. ಅರಕಲಗೂಡಿನಿಂದ ಮಗಳ ಆಟ ನೋಡಲು ಬಂದಿದ್ದವರೊಬ್ಬರು ಕೊನೆಗೆ ಬಾಯಿಬಿಟ್ಟರು: ‘ನಗದೆ ಇನ್ನೇನ್ ಮಾಡ್ಲಿ ಬುಡಿ ಸಾ. ಅಳ್ತಾ ಬಂದ್ರೆ, ನಾಳೆಯಿಂದ ಆಟಾನೂ ಬೇಡ ಏನೂ ಬೇಡ ಅಂತಾರೆ ಮನೇಲಿ.’ ಸಭೆ ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ಫ್ರೀ ಥ್ರೋ ವಿಷಯಕ್ಕೆ ಹೋಯಿತು.

ತಮಾಷೆ ಏನೆಂದರೆ, ಇದೇ ಯಜಮಾನರು ಗಂಡುಮಕ್ಕಳ ಸೋಲಿಗೆ ಮಹಾ ಉದಾರಿ. ಆರ್‌ಸಿಬಿ ಪುರುಷರ ತಂಡ 2008ರಿಂದ ಆಡಿ 2025ರ ಜೂನ್ 3ರಂದು ಮೊದಲ ಕಪ್ ಎತ್ತುವವರೆಗೆ ಅವರು ಟಾಸ್, ಅಂಪೈರ್, ಇಬ್ಬನಿ, ಹಣೆಬರಹ ಎಲ್ಲವನ್ನೂ ಬೈದರು; ಹುಡುಗರ ಆಟಿಟ್ಯೂಡಿನ ಸುದ್ದಿಗೆ ಹೋಗಲಿಲ್ಲ. ಸ್ಮೃತಿ ಮಂದಾನ ನಾಯಕತ್ವದ ಮಹಿಳಾ ತಂಡ 2023ರಲ್ಲಿ ಮೊದಲ ಐದು ಪಂದ್ಯ ಸೋತಾಗ ಮಾತ್ರ, ‘ದುಡ್ಡು ಬಂತು, ಆಟ ಹೋಯ್ತು’ ಎಂದು ತೀರ್ಪು ಕೊಟ್ಟಾಗಿತ್ತು. ಆ ತಂಡ 2024ರ ಮಾರ್ಚ್ 17ರಂದೇ ದೆಹಲಿಯಲ್ಲಿ ಕಪ್ ಗೆದ್ದಿತು. ನಮ್ಮ ಜಿಲ್ಲೆಯ ಜಾವಗಲ್‌ನ ಹೆಸರು ಹೊತ್ತ ಶ್ರೀನಾಥ್ 1999ರಲ್ಲಿ ಕೋಲ್ಕತ್ತ ಟೆಸ್ಟ್‌ನಲ್ಲಿ ಪಾಕಿಸ್ತಾನದ ಮೇಲೆ 13 ವಿಕೆಟ್ ಕಿತ್ತರೂ ಭಾರತ 46 ರನ್ನಿನಿಂದ ಸೋತಿತು. ಆ ಸೋಲಿನ ಮಾತು ಬಂದರೆ ಯಜಮಾನರ ಗಂಟಲು ಇಂದಿಗೂ ಕಟ್ಟುತ್ತದೆ.

ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈಯಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್‌ನ ‘ಬಿ’ ಡಿವಿಜನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. 2019ರಲ್ಲಿ ಅದೇ ಕಂಠೀರವದಲ್ಲಿ, ಜಪಾನ್, ಕೊರಿಯಾಗಳಿದ್ದ ಮೇಲಿನ ಡಿವಿಜನ್‌ನಲ್ಲಿ ಒಂದೂ ಗೆಲ್ಲಲಾಗದೆ ಕೊನೆಯ ಸ್ಥಾನಕ್ಕೆ ಬಂದರು. ಎರಡು ವರ್ಷದಲ್ಲಿ ಬದಲಾದದ್ದು ಎದುರಾಳಿಗಳ ಮಟ್ಟ ಎಂದರೆ ಯಜಮಾನರು ಒಪ್ಪರು. ‘ಗೆದ್ಮೇಲೆ ತಲೆಗೇರಿರುತ್ತೆ.’

ಅವರಿಗೆ ಆಟದ ಚರಿತ್ರೆ ಹೇಳಿ ನೋಡಿದ್ದೂ ಆಯಿತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಹುಟ್ಟಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಹುಡುಗಿಯರಿಗೆ ಕಲಿಸಿದರು. ಹೆಣ್ಣುಮಕ್ಕಳು ಓಡಿ ದಣಿದಾರು, ಒರಟಾದಾರು ಎಂಬ ಅಂದಿನ ಅಂಜಿಕೆಗೆ ತಕ್ಕಂತೆ ಕೋರ್ಟನ್ನು ಮೂರು ಭಾಗ ಮಾಡಿ, ತಂತಮ್ಮ ಭಾಗ ದಾಟಬಾರದು, ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳಬಾರದು ಎಂದು ಕಟ್ಟು ಹಾಕಿದರು. ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ ಹುಡುಗಿಯರು ಅರ್ಧ ಕೋರ್ಟಿನಲ್ಲೇ ಆಡುವ ಪದ್ಧತಿ 1993ರವರೆಗೂ ಉಳಿದಿತ್ತು. ಅಂದಿನ ದೂರು ಜಾಸ್ತಿ ಓಡುತ್ತಾರೆಂದು, ಇಂದಿನದು ಓಡುವುದೇ ಇಲ್ಲವೆಂದು. ದೂರುವವರು ಮಾತ್ರ ಅಂದೂ ಇಂದೂ ಕೂತೇ ಇದ್ದಾರೆ. ಸ್ಮಿತ್ ಕಾಲೇಜಿನಲ್ಲಿ 1893ರ ಪಂದ್ಯಕ್ಕೆ ಗಂಡಸರನ್ನು ಒಳಗೇ ಬಿಡಲಿಲ್ಲ ಎಂದಾಗ ಯಜಮಾನರು ಗಾಬರಿಯಾದರು. ‘ಬಿಡ್ಲಿಲ್ವಾ? ಮತ್ತೆ ತಪ್ಪು ಹೇಳ್ಕೊಡೋರು ಯಾರ್ರೀ?’

ತಪ್ಪು ಇಲ್ಲವೆಂದಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ನಮ್ಮ ಹುಡುಗಿಯರ ಕಾಲು ಏಳುವುದಿಲ್ಲ ಎಂಬುದು ನಿಜ. ಒಂದು ತಂಡಕ್ಕೆ ಹನ್ನೆರಡು ಮಂದಿ ಇರಬಹುದು. ಇಂಟರ್ನಲ್ಸ್, ಲ್ಯಾಬು, ಮನೆಯ ಗೃಹಪ್ರವೇಶಗಳನ್ನು ಕಳೆದು ಮೈದಾನಕ್ಕೆ ಬರುವುದು ಏಳು. 28 ಮೀಟರ್ ಉದ್ದದ ಕೋರ್ಟು, ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಯಾರಿಗಾದರೂ ಐದು ಫೌಲಾಗಿ ಹೊರಬಿದ್ದರೆ ಉಳಿದವರಿಗೆ ಉಸಿರು ಬಿಡುವ ಸರದಿಯೂ ಇಲ್ಲ. ಸಂಜೆ ಪ್ರಾಕ್ಟೀಸ್ ಕಾವೇರುವ ಹೊತ್ತಿಗೆ ಬಸ್ಸಿನ ಹೊತ್ತು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಟಿಕೆಟ್ಟಿಗೆ ಕಾಸು ಬೇಡ, ಸರಿ. ಆದರೆ ಅದರಿಂದ ಸೂರ್ಯ ತಡವಾಗಿ ಮುಳುಗುವುದಿಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣದವರಿಗೆ ರೈಲಾದರೂ ಉಂಟು, ಅರಕಲಗೂಡಿಗೆ ಅದೂ ಇಲ್ಲ. ಅಭ್ಯಾಸದಲ್ಲಿ ಎಂದೂ ಬಾರದ ಕೊನೆಯ ಹತ್ತು ನಿಮಿಷ ಪಂದ್ಯದಲ್ಲಿ ಏಕಾಏಕಿ ಬಂದುಬಿಡುತ್ತದೆ.

ಇದೆಲ್ಲ ಯಜಮಾನರಿಗೆ ಗೊತ್ತಿಲ್ಲವೆಂದು ಲೇಖಕ ಬಹಳ ದಿನ ನಂಬಿದ್ದ. ಯಾವ ಹುಡುಗಿ ಯಾವ ಬಸ್ಸು, ಯಾರ ಮಂಡಿ ನೋವು ಯಾವ ಪಂದ್ಯದ್ದು, ಯಾರ ಶೂ ಹರಿದಿದೆ, ಎಲ್ಲವೂ ಅವರ ಬಳಿ ಲೆಕ್ಕವಿತ್ತು. ಹಾಸ್ಟೆಲಿನ ನಾಲ್ಕು ಗೆಳತಿಯರನ್ನು ಬಿಟ್ಟರೆ ಇಡೀ ಪಂದ್ಯ ಕೂತು ನೋಡುವವರು ಅವರೊಬ್ಬರೇ. ಗೆದ್ದ ತಂಡದ ಕಡೆಗೂ ಅಂಥವರೊಬ್ಬರಿರಲಿಲ್ಲ.

ಮೊನ್ನೆಯ ಸೋಲಿನ ನಂತರ ಎರಡು ಚಿಪ್ಪು ಯಾಲಕ್ಕಿ ಬಾಳೆಹಣ್ಣಿನ ಚೀಲವನ್ನು ಲೇಖಕನ ಕೈಗೆ ತುರುಕಿ, ‘ನಾನು ಕೊಟ್ಟಿದ್ದು ಅನ್ಬೇಡಿ, ಸಲುಗೆ ಆಗುತ್ತೆ’ ಎಂದರು. ಹುಡುಗಿಯರು ತಿಂದರು, ಅರ್ಧ ಚಿಪ್ಪು ಮಿಕ್ಕಿತು. ಹಿಂದಿರುಗಿ ಬಂದ ಚೀಲದೊಳಗೆ ಇಣುಕಿ ಯಜಮಾನರು ತಲೆಯಾಡಿಸಿದರು.

‘ನೋಡಿದ್ರಾ? ತಿನ್ನೋದ್ರಲ್ಲೂ ಎಫರ್ಟ್ ಇಲ್ಲ.’