ಗಾಯವನ್ನು ಕಲೆಯಾಗಿಸುವ ವಿಧಾನ

ಬೇಕಾಗುವ ಸಾಮಗ್ರಿ: ಸ್ಕೂಟರಿನಿಂದ ಬಿದ್ದು ತರಚಿದ ಮೊಣಕಾಲು, ಅರಿಶಿನದ ಡಬ್ಬಿ, ಟೂತ್‌ಪೇಸ್ಟ್, ನಿಂಬೆಹಣ್ಣು. ಸಲಹೆ ಕೊಡುವ ನೆಂಟರು ರುಚಿಗೆ ತಕ್ಕಷ್ಟು.

ಮೊದಲಿಗೆ, ಗಾಯ ತೊಳೆಯಬೇಡಿ. ನೀರು, ಸೋಪಿನಲ್ಲೇ ಕೆಲಸ ಮುಗಿದರೆ ನೋಡಲು ಬಂದವರಿಗೆ ತೋರಿಸಲು ಏನುಳಿಯುತ್ತದೆ? ಒಳಗೆ ಸಿಕ್ಕಿಕೊಂಡ ಮಣ್ಣು, ಡಾಂಬರಿನ ಕಣ ಹಚ್ಚೆಯ ಹಾಗೆ ನೀಲಿಗಟ್ಟಿ ಚರ್ಮದಲ್ಲೇ ನಿಲ್ಲುತ್ತದೆ. ಪುಕ್ಕಟೆ ಬೇರೆ.

ಆಮೇಲೆ ಅರಿಶಿನ. ಒಗ್ಗರಣೆಗೆ ಹಾಕುವ ಡಬ್ಬಿಯದೇ ಆಗಬೇಕು. ಯಾರಾದರೂ ತಕರಾರು ತೆಗೆದರೆ ಪೇಟೆಂಟಿನ ಕಥೆ ಹೇಳಿ: ಅರಿಶಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು, ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಲ್ಲಿ ಗೆದ್ದದ್ದು 'ಇದು ಹೊಸದಲ್ಲ' ಎಂಬ ವಾದ. ಡಬ್ಬಿಯೊಳಗಿನ ಪುಡಿ ಶುದ್ಧವೆಂದು ಯಾರೂ ತೀರ್ಪು ಕೊಟ್ಟಿಲ್ಲ. ಇಷ್ಟನ್ನು ಹೇಳದೆ ಬಿಡಬಹುದು.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್. 20 ನಿಮಿಷ ತಣ್ಣೀರು ಹರಿಸಿ ಎನ್ನುವ ಡಾಕ್ಟರಿಗೆ, ನಮ್ಮ ಬೀದಿ ನಲ್ಲಿಯಲ್ಲಿ ಅಷ್ಟು ಹೊತ್ತು ನೀರು ಬಂದದ್ದು ಯಾವಾಗ ಎಂದು ಕೇಳಿ. ಬಕೆಟ್ಟಿನ ನೀರನ್ನು ಚೊಂಬಿನಲ್ಲಿ ಹೊಯ್ದರೂ ಆದೀತು ಎಂದು ಅವರು ಹೇಳುವಷ್ಟರಲ್ಲಿ ಪೇಸ್ಟ್ ಹಚ್ಚಿ ಮುಗಿಸಿರಬೇಕು.

ಮುಖ್ಯ ಕೆಲಸ, ಗಾಯವನ್ನು ಗಾಳಿಗೆ ಒಣಗಿಸುವುದು. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲೇ ಹಂದಿಗಳ ಗಾಯಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ನೋಡಿದ. ತೇವ ಆರದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಒಣಗಿದ ಹಕ್ಕಳೆಯಿದ್ದರೆ ಜೀವಕೋಶಗಳು ಅದರಡಿಯಲ್ಲಿ ದಾರಿ ಮಾಡಿಕೊಂಡು ತೆವಳಬೇಕು. ಅಂದರೆ ತೊಳೆದು, ವ್ಯಾಸಲೀನ್ ಸವರಿ, ಪಟ್ಟಿ ಕಟ್ಟಿ, ದಿನಾ ಬದಲಿಸಿದರೆ ತರಚುಗಾಯಕ್ಕೆ ಸಾಕು. ಆದರೆ ಆ ಹಂದಿಗಳ ಮನೆಯಲ್ಲಿ ಅಜ್ಜಿ ಇರಲಿಲ್ಲ. ನಮ್ಮಲ್ಲಿದ್ದಾರೆ: "ಬಿಚ್ಚಿಡೋ ಮಗಾ, ಗಾಳಿಯಾಡ್ಲಿ." ಹಕ್ಕಳೆ ಕಟ್ಟಿತೋ, ಮುಂದಿನದು ಉಗುರಿನ ಪಾಲು. ಟಿವಿ ನೋಡುತ್ತ ಅಂಚಿನಿಂದ ಮೆಲ್ಲಗೆ ಕೀಳಿ. ರಕ್ತ ಬಂದರೆ ಮತ್ತೆ ಅರಿಶಿನದಿಂದ ಶುರು.

ಕಲೆ ಮೂಡಿದ ಮೇಲೆ ನಿಂಬೆರಸ ಹಚ್ಚಿ ಬಿಸಿಲಿಗೆ ನಿಲ್ಲಿ. ಬೊಬ್ಬೆ ಎದ್ದು ಇನ್ನಷ್ಟು ಕಪ್ಪಾದರೆ ವಿಧಾನ ಸರಿಯಾಗಿದೆ ಎಂದರ್ಥ. ಕಲೆ ಮಾಗಲು ವರ್ಷ ಬೇಕು, ಕೆಲವೊಮ್ಮೆ ಹೆಚ್ಚೇ. ಮಾಗಿದರೂ ಅದರ ಗಟ್ಟಿತನ ಮೊದಲಿನ ಚರ್ಮದ ಶೇ. 80ರಷ್ಟನ್ನು ದಾಟುವುದಿಲ್ಲ. ಉಬ್ಬಿದ ಕಲೆಗೆ ಸಿಲಿಕೋನ್ ಹಾಳೆಯನ್ನು ದಿನಕ್ಕೆ 12 ಗಂಟೆಯಾದರೂ ಅಂಟಿಸಿ, ಬಿಸಿಲು ತಾಗದಂತೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇರುವವರು ಈ ಕೈಪಿಡಿ ಕೊಳ್ಳುವುದು ದಂಡ.

ಒಂದು ಮಾತು ಮಾತ್ರ ತಮಾಷೆಯಲ್ಲ. ಆಳವಾಗಿ ಕೊಯ್ದ ಗಾಯಕ್ಕೂ ನಾಯಿ ಕಡಿತಕ್ಕೂ ಈ ಕೈಪಿಡಿ ಮುಟ್ಟಬೇಡಿ. ನಾಯಿ ಕಚ್ಚಿದರೆ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.