ತೃತೀಯ ಪಂಕ್ತಿ ಮೀಮಾಂಸೆ

1. ಪೀಠಿಕೆ ಹಾಗೂ ತಾತ್ವಿಕ ನೆಲೆಗಟ್ಟು

ಪ್ರಸ್ತುತ ಪ್ರಬಂಧವು ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳನ್ನು ಅಧ್ಯಯನ ಕ್ಷೇತ್ರವನ್ನಾಗಿ ಪರಿಗ್ರಹಿಸಿ, 'ಬೆಳೆಯುವ ಕುಟುಂಬ' ಎಂಬ ಪರಿಕಲ್ಪನೆಗೂ 'ಮೂರು ಸಾಲಿನ ಎಸ್‌ಯುವಿ' ಎಂಬ ವಸ್ತುಸ್ಥಿತಿಗೂ ನಡುವಣ ದ್ವಂದ್ವಾತ್ಮಕ ಅಂತರ್‌ಸಂಬಂಧದ ಬಹುಶಿಸ್ತೀಯ ನಿರಚನೆಯನ್ನು ಉದ್ದೇಶವಾಗುಳ್ಳದ್ದಾಗಿರುತ್ತದೆ. ಈ ವಾಕ್ಯ ಅರ್ಥವಾಗಲಿಲ್ಲವೆಂದು ಯಾರೂ ಗಾಬರಿಯಾಗಬೇಕಿಲ್ಲ. ವಿಚಾರ ಸಂಕಿರಣಗಳಲ್ಲಿ ಊಟದ ಹೊತ್ತಿನ ತನಕ ಇಂಥವನ್ನೇ ಓದುತ್ತಾರೆ, ಕೇಳಿದವರೆಲ್ಲ ತಲೆಯಾಡಿಸುತ್ತಾರೆ, ಪ್ರಮಾಣಪತ್ರ ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ಪೂರ್ವಸೂರಿಗಳ ಸಮೀಕ್ಷೆ ಕಡ್ಡಾಯ. ಬಿದನೂರಿನಿಂದ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಿಂದ, ಆಳಿದ ಕೆಳದಿಯ ಬಸವಪ್ಪ ನಾಯಕ ಹದಿನೆಂಟನೇ ಶತಮಾನದ ಆರಂಭದಲ್ಲಿ 'ಶಿವತತ್ತ್ವರತ್ನಾಕರ' ಎಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದ. ಆನೆ, ಕುದುರೆ, ಅಡುಗೆ, ರಾಜನೀತಿ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಮೂರನೇ ಸಾಲಿನ ಸೀಟನ್ನು ಮಡಚುವ ಕ್ರಮದ ಕುರಿತು ಮಾತ್ರ ಆ ಮಹಾಗ್ರಂಥ ಮೌನ ತಾಳಿದೆ. ಈ ಮೌನವನ್ನೇ ನಾವು 'ಸಂಶೋಧನಾ ಕಂದಕ' ಎನ್ನುತ್ತೇವೆ. ಕಂದಕ ಸಿಕ್ಕಿದ ಮೇಲೆ ತುಂಬಲೇಬೇಕು.

2. ಪಾರಿಭಾಷಿಕ ಸ್ಪಷ್ಟೀಕರಣ

ಎಸ್‌ಯುವಿ ಎಂದರೇನು? ತತ್ತ್ವಜ್ಞಾನಿಗಳು ಬಾಯಿ ತೆರೆಯುವ ಮೊದಲೇ ಜಿಎಸ್‌ಟಿ ಮಂಡಳಿ ಉತ್ತರ ಕೊಟ್ಟಿದೆ. 2022ರ ಡಿಸೆಂಬರಿನ ಅದರ ನಿರ್ಣಯದಂತೆ ನಾಲ್ಕು ಲಕ್ಷಣಗಳು ಏಕತ್ರ ಕೂಡಬೇಕು: ಎಂಜಿನ್ 1500 ಸಿಸಿ ಮೀರಬೇಕು, ಉದ್ದ 4000 ಮಿಲಿಮೀಟರ್ ದಾಟಬೇಕು, ನೆಲಕ್ಕೂ ಗಾಡಿಯ ಹೊಟ್ಟೆಗೂ ಕನಿಷ್ಠ 170 ಮಿಲಿಮೀಟರ್ ಅಂತರವಿರಬೇಕು, ಮತ್ತು ಜನ ಅದನ್ನು ಎಸ್‌ಯುವಿ ಎಂದು ಕರೆಯುತ್ತಿರಬೇಕು. ಎಸ್‌ಯುವಿ ಯಾವುದೆಂದರೆ ಎಸ್‌ಯುವಿ ಎನಿಸಿಕೊಂಡದ್ದು! ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಆತ್ಮಾಶ್ರಯ ದೋಷವೆಂದು ಹೆಸರು. ದೆಹಲಿಯಲ್ಲಿ ಸೆಸ್ ಎಂದು. 2023ರ ಜುಲೈಯಲ್ಲಿ ಮಂಡಳಿ ತಿದ್ದಿಕೊಂಡಿತು. ಯಾವ ಹೆಸರಿನಿಂದ ಕರೆದರೂ ಅಡ್ಡಿಯಿಲ್ಲ, ಆದರೆ ಹೊಟ್ಟೆಯ ಎತ್ತರವನ್ನು ಗಾಡಿ ಖಾಲಿ ಇರುವಾಗ ಅಳೆಯತಕ್ಕದ್ದು.

ಖಾಲಿ ಗಾಡಿಯನ್ನು ನಮ್ಮ ಕಡೆ ನೋಡಿದವರು ಯಾರು? ಸಾಗರ ಪೇಟೆಗೆ ಹೋಗುವಾಗ ಅಡಿಕೆ ಮೂಟೆ, ಬರುವಾಗ ಹಿಂಡಿ, ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ. ಮನೆ ಹತ್ತಿರದ ಇಳಿಜಾರಿನಲ್ಲಿ ಹೊಟ್ಟೆ ಕಲ್ಲಿಗೆ ತಾಗಿ ಕರ್‍ರೆಂದಾಗ ಅದು ಎಷ್ಟು ಮಿಲಿಮೀಟರೆಂದು ಯಾವ ಮಂಡಳಿಯೂ ಬಗ್ಗಿ ನೋಡುವುದಿಲ್ಲ.

ಈ ವ್ಯಾಖ್ಯೆಯ ಉಪಫಲ ಇನ್ನೂ ಸ್ವಾರಸ್ಯದ್ದು. ಬೊಲೆರೊದ ಉದ್ದ 3995 ಮಿಲಿಮೀಟರ್, ಎಂಜಿನ್ 1493 ಸಿಸಿ. ಅಂದಮೇಲೆ ಗೊಬ್ಬರ, ಬಾಣಂತಿ, ಹೆಣ, ಮದುವೆ ಪಾತ್ರೆ ಎಲ್ಲವನ್ನೂ ಹೊತ್ತು ಕಾಡುದಾರಿಯಲ್ಲಿ ಓಡಾಡುವ ಬೊಲೆರೊ ಕಾನೂನಿನ ದೃಷ್ಟಿಯಲ್ಲಿ ಎಸ್‌ಯುವಿಯೇ ಅಲ್ಲ. ಬೆಂಗಳೂರಿನ ಮಾಲ್‌ನ ನೆಲಮಾಳಿಗೆಯಲ್ಲಿ ನಿಂತು ಧೂಳು ಕುಡಿಯುವುದು ಎಸ್‌ಯುವಿ. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ, ದೊಡ್ಡ ಗಾಡಿಗೆ ಶೇಕಡ 40 ತೆರಿಗೆ, ಬೊಲೆರೊದಂಥದ್ದಕ್ಕೆ ಶೇಕಡ 18 ಆಯಿತು. ಸರ್ಕಾರವೊಂದು ಗೊತ್ತಿಲ್ಲದೆಯೇ ವಿವೇಕ ತೋರುವುದು ಹೀಗೆ.

3. 'ಬೆಳೆಯುವ ಕುಟುಂಬ': ಒಂದು ಸಂಖ್ಯಾಶಾಸ್ತ್ರೀಯ ಅವಲೋಕನ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಅಪ್ಪ ಅಮ್ಮ ಇಬ್ಬರು, ಮಕ್ಕಳು 1.7, ಒಟ್ಟು 3.7 ಜನ. ಏಳು ಸೀಟಿನಲ್ಲಿ ಇದನ್ನು ಕಳೆದರೆ 3.3 ಉಳಿಯುತ್ತದೆ. ಇದನ್ನು ನಾವು 'ಶೇಷಾಸನ' ಎಂದು ಕರೆದಿದ್ದೇವೆ. ನಮ್ಮ ಅಧ್ಯಯನ ಕ್ಷೇತ್ರದಲ್ಲಿ ಆ 1.7 ಕೂಡ ಪಿಯುಸಿ ಮುಗಿದೊಡನೆ ಊರು ಬಿಡುವುದರಿಂದ ಶೇಷಾಸನ ಸರಿಯಾಗಿ 5ಕ್ಕೆ ಏರುತ್ತದೆ.

ಕ್ಷೇತ್ರಕಾರ್ಯದಲ್ಲಿ ದಾಖಲಾದ ಸಂವಾದ ಹೀಗಿದೆ. ಸ್ಥಳ: ಶಿವಮೊಗ್ಗದ ಒಂದು ಶೋರೂಮು. ಮಾಹಿತಿದಾರರು: ತಲೆ ನೆರೆತ, ಎರಡೆಕರೆ ಭಾಗಾಯ್ತಿನ ಒಬ್ಬ ಯಜಮಾನರು.

"ಫ್ಯಾಮಿಲಿ ಎಷ್ಟು ಜನ ಸರ್?"

"ನಾವಿಬ್ರು. ಮಗ ಅಮೆರಿಕದಾಗೆ, ಮಗಳು ಬೆಂಗಳೂರಾಗೆ."

"ಹಂಗಾದ್ರೆ ಬೆಳೀತಿರೋ ಫ್ಯಾಮಿಲಿ. ಸೆವೆನ್ ಸೀಟರೇ ಸರಿ ಸರ್."

"ಯಾವ ಲೆಕ್ಕದಾಗೆ ಬೆಳೀತು ಮಾರಾಯ?"

"ಹಬ್ಬಕ್ಕೆ ಬರ್ತಾರಲ್ಲ ಸರ್."

ಇಡೀ ಸಂಶೋಧನೆಯಲ್ಲಿ ನನಗೆ ಸಿಕ್ಕಿದ ಪ್ರಾಮಾಣಿಕ ಆಕರವೆಂದರೆ ಆ ಹುಡುಗನ ಕೊನೆಯ ಮಾತು. ಯಜಮಾನರು ಮರುಮಾತಿಲ್ಲದೆ ಮುಂಗಡ ಕೊಟ್ಟರು.

4. ಆಸನ ವಿನ್ಯಾಸ ಮತ್ತು ಅಧಿಕಾರದ ಸಂಕಥನ

ಮೊದಲನೇ ಸಾಲಿನಲ್ಲಿ, ಡ್ರೈವರ್ ಪಕ್ಕದಲ್ಲಿ, ಅಳಿಯ. ಹೊಸ ಅಳಿಯನಾದರೆ ಎಸಿಯ ಕಿಂಡಿಗಳೆರಡೂ ಅವನ ಕಡೆಗೆ. ಎರಡನೇ ಸಾಲಿನಲ್ಲಿ ಮಾವ, ಮಂಡಿನೋವಿನ ಅತ್ತೆ, ಮತ್ತು 'ನಂಗೆ ಹಿಂದೆ ಕೂತ್ರೆ ಆಗಲ್ಲ' ಎಂದು ಮೊದಲೇ ಘೋಷಿಸಿಕೊಂಡ ಯಾರಾದರೂ ಒಬ್ಬರು. ಮೂರನೇ ಸಾಲು ಯಾರಿಗೆ ಎಂಬುದನ್ನು ಯಾರೂ ಹೇಳುವುದಿಲ್ಲ. ಹೇಳದೆಯೇ ಜಾರಿಯಾಗುವ ಇಂಥ ವ್ಯವಸ್ಥೆಗೆ ವಿದ್ವಾಂಸರು 'ಯಜಮಾನಿಕೆ' ಎನ್ನುತ್ತಾರೆ.

ಅಲ್ಲಿ ಕೂರುವವಳು ಸೊಸೆ. ಬೆಳಗಿನ ಜಾವ ಎದ್ದು ದಾರಿಗೆಂದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದವಳು, ಮುಂದಿನ ಸೀಟನ್ನು ಬಗ್ಗಿಸಿಕೊಂಡು ಸೀರೆ ಎತ್ತಿ ಹಿಡಿದು ನುಸುಳಿದವಳು. ಮಂಡಿ ಗದ್ದಕ್ಕೆ ತಾಗುತ್ತದೆ, ಕಾಲಡಿಗೆ ಬ್ಯಾಗು, ಬೆನ್ನ ಹಿಂದೆ ಹಲಸಿನಕಾಯಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಮೂರನೆಯದಕ್ಕೇ ಮಗು ವಾಂತಿ ಶುರುಮಾಡುತ್ತದೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆ, ಇನ್ನೊಂದರಲ್ಲಿ ಲಿಂಬೆಹಣ್ಣು, ಹಿಡಿದುಕೊಳ್ಳಲು ಮೂರನೇ ಕೈ ಇಲ್ಲ. ಮುಂದಿನಿಂದ ಅಳಿಯ, "ಸಸ್ಪೆನ್ಶನ್ ಭಾರೀ ಚೆನ್ನಾಗಿದೆ ಮಾವ" ಅನ್ನುತ್ತಾನೆ. ಜಾಹೀರಾತಿನಲ್ಲಿ ಈ ಸಾಲಿನ ಮಕ್ಕಳು ಹಲ್ಲು ತೋರಿಸಿ ನಗುತ್ತಿರುತ್ತಾರೆ. ಯೂಟ್ಯೂಬಿನಲ್ಲಿ ಗಾಡಿಯ ಗುಣದೋಷ ಹೇಳುವ ಗಂಡಸರು ಈ ಸೀಟಿನಲ್ಲಿ ಅರೆಗಳಿಗೆ ಕೂತು, 'ಮಕ್ಕಳಿಗೆ ಸಾಕು' ಎಂದು ಎದ್ದುಬಿಡುತ್ತಾರೆ. ಅವರನ್ನು ಅಲ್ಲಿಯೇ ಕೂರಿಸಿ, ಊಟ ಹಾಕಿ, ತೀರ್ಥಹಳ್ಳಿಯಿಂದ ಉಡುಪಿಗೆ ಒಯ್ಯಬೇಕು. ಇದು ಪ್ರಬಂಧದ ಶಿಫಾರಸು ಅಲ್ಲ, ನನ್ನ ಆಸೆ.

5. ವಾಹನಗಳ ರಸಾಧಾರಿತ ವರ್ಗೀಕರಣ

(ಅ) ಪ್ರತಿಷ್ಠಾಪ್ರಧಾನ: ಫಾರ್ಚುನರ್. ರಾಜಕಾರಣಿ, ಗುತ್ತಿಗೆದಾರ, ಹಾಗೂ ಇವೆರಡೂ ಆಗುವ ಹಂಬಲದವರು ಇದರ ಆಶ್ರಯದಾತರು.

(ಆ) ಶಾಂತರಸಪ್ರಧಾನ: ಇನ್ನೋವಾ. 2005ರಲ್ಲಿ ಕ್ವಾಲಿಸ್‌ನ ಗಾದಿಗೆ ಬಂದು ಬಿಡದಿಯಿಂದ ಹೊರಟದ್ದು ಇನ್ನೂ ನಿಂತಿಲ್ಲ. ಮದುವೆ ದಿಬ್ಬಣಕ್ಕೂ ಮಠದ ಸವಾರಿಗೂ ಸಮಾನ.

(ಇ) ವೀರರಸಪ್ರಧಾನ: ಸ್ಕಾರ್ಪಿಯೋ. 2002ರಿಂದ ಮೀಸೆ ಇಳಿಸಿಲ್ಲ.

(ಈ) ಕರ್ಮಪ್ರಧಾನ: ಬೊಲೆರೊ. ಮೇಲೆ ಹೇಳಿಯಾಗಿದೆ.

(ಉ) ಬೇಸರ ಬಂತು. ಉಳಿದವು ಸುಮಾರಾಗಿ ಒಂದೇ ತರಹ; ಮುಂದಿನ ಜಾಲರಿ ಬೇರೆ, ಕಂತು ಒಂದೇ.

ವರ್ಗೀಕರಣಕ್ಕಿಂತ ಅಳತೆ ಉಪಯುಕ್ತ. ಸ್ಕಾರ್ಪಿಯೋ-ಎನ್ ಅಗಲ 1917 ಮಿಲಿಮೀಟರ್, ಹೊಸ ಸಫಾರಿಯದು 1922. ಕನ್ನಡಿ ಬಿಚ್ಚಿದರೆ ಇನ್ನೂ ಹೆಚ್ಚು. ನಮ್ಮ ಮನೆಗಳ ಉಣಗೋಲು ಎತ್ತಿನ ಗಾಡಿಯ ಕಾಲದ್ದು. ಅದರಾಚೆಗಿನ ದಾರಿಗೆ ಎಡಗಡೆ ದರೆ, ಬಲಗಡೆ ತೋಟದ ಕಪ್ಪು. ಹೊಸ ಗಾಡಿಗೆ ಮೊದಲ ಗೀರು ಬೀಳುವುದು ಎದುರು ಬಂದ ಲಾರಿಯಿಂದಲ್ಲ, ಮನೆಯ ದರೆಯಿಂದ. ಪೂಜೆಯ ಕುಂಕುಮ ಆರುವ ಮೊದಲೇ ಬೀಳುತ್ತದೆ. ತಿರುಗಿಸಲು ಜಾಗವಿಲ್ಲದೆ ರಿವರ್ಸ್‌ನಲ್ಲೇ ಟಾರು ರಸ್ತೆಯ ತನಕ ಬರಬೇಕು, ಹಿಂದಿನಿಂದ ಒಬ್ಬರು "ಬರಲಿ, ಬರಲಿ" ಎಂದು ಕೂಗುತ್ತಿರಬೇಕು.

'ರೋಡ್ ಪ್ರೆಸೆನ್ಸ್' ಎಂದು ಒಂದು ಪದವಿದೆ. ಗಾಡಿ ಕೊಳ್ಳುವವರೆಲ್ಲ ಅದನ್ನು ಮಂತ್ರದಂತೆ ಜಪಿಸುತ್ತಾರೆ. ಅದಕ್ಕೆ ಮೊದಲು ರೋಡು ಪ್ರೆಸೆಂಟ್ ಇರಬೇಕಷ್ಟೆ? ಕರ್ನಾಟಕದಲ್ಲಿ 20 ಲಕ್ಷ ಮೀರಿದ ಗಾಡಿಗೆ ಆಜೀವ ತೆರಿಗೆ ಶೇಕಡ 18. 25 ಲಕ್ಷದ ಗಾಡಿಗೆ ನಾಲ್ಕೂವರೆ ಲಕ್ಷ, ಅದರ ಮೇಲೆ ಸೆಸ್. ಅಷ್ಟು ಕೊಟ್ಟವನ ಮನೆದಾರಿ ಜೂನ್ ತಿಂಗಳಲ್ಲಿ ಕೆಂಪು ಕೆಸರು. ಕೊಡದವನ ದಾರಿಯೂ ಅದೇ.

6. (ಶೀರ್ಷಿಕೆ ಹೊಳೆಯಲಿಲ್ಲ)

ಇನ್ನೊಂದು ಬಗೆಯ ಖರೀದಿದಾರರಿದ್ದಾರೆ. ಅವರನ್ನು ಯಾವ ರಸದಲ್ಲಿ ಸೇರಿಸುವುದೋ ತಿಳಿಯದು. ಮಗ ಓದಿದ್ದಾನೆ, ಆದರೂ ಊರಲ್ಲೇ ಉಳಿದು ತೋಟ ನೋಡಿಕೊಳ್ಳುತ್ತಾನೆ. ಹೀಗಾಗಿ ಅವನಿಗೆ ಹೆಣ್ಣು ಸಿಗುತ್ತಿಲ್ಲ. ಹೆಣ್ಣಿನ ಕಡೆಯವರು ಬಂದಾಗ ಅಂಗಳದಲ್ಲಿ ದೊಡ್ಡ ಗಾಡಿ ಇದ್ದರೆ ಮಾತಿಗೊಂದು ತೂಕ ಎಂದು ಯಾರೋ ಹೇಳಿದರು. ಎಲೆಚುಕ್ಕೆ ರೋಗ ಬಂದು ತೋಟ ಅರ್ಧ ಒಣಗಿದ ವರ್ಷವೇ ಸಾಲ ತೆಗೆದು ಏಳು ಸೀಟಿನದು ತಂದರು. ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ. ಇರುವ ಸಂಸಾರಕ್ಕಲ್ಲ, ಬರಬೇಕಾದ ಸಂಸಾರಕ್ಕೆ ತಂದ ಗಾಡಿ ಅದು. ಬಂದವರು ಚಹಾ ಕುಡಿದು, ಗಾಡಿ ಚೆನ್ನಾಗಿದೆ ಎಂದು ಹೊರಟುಹೋದರು. ಇಂಥ ಮನೆ ಒಂದೆರಡಲ್ಲ, ನಮ್ಮ ಕಡೆಯ ಓದುಗರಿಗೆ ಹೆಸರುಗಳೇ ನೆನಪಾಗುತ್ತಿರಬಹುದು.

ಇಲ್ಲಿಂದ ಮುಂದೆ ಪ್ರಬಂಧದ ಭಾಷೆ ನನಗೆ ಒಗ್ಗುತ್ತಿಲ್ಲ.

ಏಳು ಸೀಟಿನ ಗಾಡಿ ನಮಗೆ ಯಾಕೆ ಬೇಕಾಯಿತು? ಐವತ್ತು ಸೀಟಿನದು ಬರುವುದು ನಿಂತದ್ದರಿಂದ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ತೀರ್ಥಹಳ್ಳಿಯ ಕಡೆಯ ಎಷ್ಟೋ ಹಳ್ಳಿಗಳಿಗೆ ಬೆಳಗು, ಸಂಜೆಯ ಗಡಿಯಾರವೇ ಆಗಿತ್ತು. 2020ರಲ್ಲಿ ಅದು ನಿಂತಿತು. ಆಮೇಲೆ ಕೊರೊನಾ ಬಂತು; ಆಗ ನಿಂತ ಎಷ್ಟೋ ಖಾಸಗಿ ಟ್ರಿಪ್ಪುಗಳು ಮತ್ತೆ ಶುರುವಾಗಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಒಳ್ಳೆಯದೇ. ಆದರೆ ಸರ್ಕಾರಿ ಬಸ್ಸೇ ಕಾಣದ ಹಳ್ಳಿಯ ಹೆಂಗಸು ಯಾವುದರಲ್ಲಿ ಉಚಿತವಾಗಿ ಕೂರಬೇಕು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ದಾರಿಗಳನ್ನು ನುಂಗಿತು. ತುಮರಿ ಕಡೆಯವರು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕಾದು ಮುದುಕರಾದರು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಲಾಂಚಿನ ಮೇಲೆ ಫಾರ್ಚುನರೂ ಬೈಕೂ ಒಂದೇ ವೇಗದಲ್ಲಿ ಹೋಗುತ್ತಿದ್ದವು, ಆ ಸಮಾನತೆಯೂ ಈಗಿಲ್ಲ.

ಮಡಚಿದ ಮೂರನೇ ಸಾಲಿನ ನಿಜವಾದ ಉಪಯೋಗ ಶೋರೂಮಿನ ಪುಸ್ತಕದಲ್ಲಿಲ್ಲ. ಅದನ್ನು ಮಡಚಿ, ಮುಂದಿನದನ್ನೂ ಬಗ್ಗಿಸಿ, ಮೇಲೆ ಒಂದು ಹಾಸಿಗೆ ಹಾಸಿದರೆ ಜ್ವರದ ಮನುಷ್ಯನನ್ನು ಮಲಗಿಸಬಹುದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಹಬ್ಬಿದಾಗ ರೋಗಿಗಳನ್ನು ಮಣಿಪಾಲಕ್ಕೆ ಒಯ್ಯಬೇಕಾಯಿತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರಿನಲ್ಲಿ ಆ ರೋಗವನ್ನು ಜಗತ್ತು ಗುರುತಿಸಿದ್ದು 1957ರಲ್ಲಿ. ಇಷ್ಟು ವರ್ಷವಾದರೂ ಗಂಭೀರವಾದರೆ ಘಾಟಿ ಇಳಿಯಲೇಬೇಕು. ಆಗ ಯಾರೂ ಗಾಡಿಯ ಟಾರ್ಕ್ ಎಷ್ಟೆಂದು ಕೇಳುವುದಿಲ್ಲ, ಯಾರ ಮನೆಯಲ್ಲಿ ಗಾಡಿ ಇದೆ, ಓಡಿಸುವವರು ಇದ್ದಾರಾ ಎಂದು ಕೇಳುತ್ತಾರೆ. ಓಡಿಸುವ ವಯಸ್ಸಿನವರು ಹಬ್ಬಕ್ಕೆ ಬರುತ್ತಾರೆ.

ಹಾಗಾದರೆ ಯಾವುದು ಕೊಳ್ಳಬೇಕು ಎಂದು ಇಷ್ಟೆಲ್ಲ ಓದಿಯೂ ಕೇಳುವವರಿಗೆ: ಮನೆಯಲ್ಲಿ ನಾಲ್ಕು ಜನ ಇದ್ದರೆ ಸಣ್ಣದು ಸಾಕು. ಮಕ್ಕಳು ಬಂದ ವಾರ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಇನ್ನೋವಾ ಬಾಡಿಗೆಗೆ ಸಿಗುತ್ತದೆ, ಡ್ರೈವರ್ ಸಮೇತ. ಈಗಾಗಲೇ ದೊಡ್ಡದು ತೆಗೆದವರಲ್ಲಿ ಒಂದು ಬಿನ್ನಹ. ಸಂಜೆ ಹೈಸ್ಕೂಲು ಬಿಟ್ಟ ಹೊತ್ತಿಗೆ ಪೇಟೆಯಿಂದ ಹೊರಡುವುದಾದರೆ ಮೂರನೇ ಸಾಲು ಬಿಚ್ಚಿಕೊಂಡೇ ಹೊರಡಿ. ಕ್ರಾಸಿನಲ್ಲಿ ಕೊಡೆ ಹಿಡಿದು ನಿಂತಿರುವ ಹೆಣ್ಣುಮಕ್ಕಳಿಗೆ ಮುಂದಿನ ಬಸ್ಸಿಲ್ಲ. ಹತ್ತಿಸಿಕೊಳ್ಳಿ. ಹಿಂಡಿ ಚೀಲವನ್ನು ನಾಳೆ ಪಕ್ಕದ ಮನೆಯವರ ಟಿಲ್ಲರಿನಲ್ಲಿ ತರಿಸಿದರಾಯಿತು.