ಬೈಕಿಗೆ ಎಲೆಕ್ಟ್ರಾನಿಕ್ ರಕ್ಷಣೆ: ಮಂಡ್ಯ ಆವೃತ್ತಿಯ ಬಳಕೆದಾರರ ಕೈಪಿಡಿ

ಗಾಡಿ ಸ್ಟಾರ್ಟ್ ಮಾಡುವ ಮೊದಲು ಓದಿ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಾಚೆ ಈ ಕೈಪಿಡಿ ಅನ್ವಯಿಸದು. ಅಲ್ಲಿಗೆ ಕಂಪನಿಯವರು ಕೊಟ್ಟ ಪುಸ್ತಕವೇ ಸಾಕು.

ನಿಮ್ಮ ರಸ್ತೆ ಯಾವುದು?

2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯ ಜಿಲ್ಲೆಗೇ ಬಂದು ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥ ನಿಮ್ಮದಲ್ಲ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶವಿಲ್ಲ. ನಿಮ್ಮ ಪಾಲಿನದು ಸರ್ವಿಸ್ ರಸ್ತೆ, ಜೊತೆಗೆ ಅದೇ ಟ್ರ್ಯಾಕ್ಟರು. ಉಪಕರಣ ಆರಿಸುವಾಗ ಷೋರೂಮಿನ ಬಣ್ಣದ ಹಾಳೆ ನೋಡಬೇಡಿ, ಟ್ರ್ಯಾಕ್ಟರನ್ನು ನೋಡಿ.

ಎಬಿಎಸ್

2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಕಡ್ಡಾಯ. ಚಕ್ರದಲ್ಲಿ ಹಲ್ಲಿನ ಬಳೆಯೊಂದು, ಪಕ್ಕದಲ್ಲಿ ಅದನ್ನು ಎಣಿಸುವ ಸೆನ್ಸರು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳುವ ಸೂಚನೆ ಸಿಕ್ಕರೆ ಸೆಕೆಂಡಿಗೆ ಹಲವು ಸಲ ಬ್ರೇಕನ್ನು ಸಡಿಲಿಸಿ ಬಿಗಿಯುತ್ತದೆ. ಮಳೆಯಲ್ಲಿ ನೆನೆದ ಟಾರಿನ ಮೇಲೆ ಜೀವ ಉಳಿಸುವ ವಸ್ತು. ಕೊಂಡುಕೊಳ್ಳಿ, ಸಾಧ್ಯವಾದರೆ ಎರಡೂ ಚಕ್ರಕ್ಕೆ ಇರುವುದನ್ನೇ.

ಆದರೆ ಕಂಪನಿಯ ಎಂಜಿನಿಯರ್ ಮಳವಳ್ಳಿ ಕಡೆಯ ಸುಗ್ಗಿ ನೋಡಿದವನಲ್ಲ. ಡಿಸೆಂಬರ್ ಬಂದರೆ ರಸ್ತೆಯೇ ಕಣ. ತಿರುವಿನಾಚೆ ಮೊಣಕಾಲೆತ್ತರ ಹುರುಳಿ ಹರಡಿರುತ್ತದೆ, ಅದರ ಮುಂದೆ ರಾಗಿ. ಅಲ್ಲಿ ಬ್ರೇಕ್ ಹಿಡಿದಿರೋ, ಟಯರಿಗೆ ಹಿಡಿತವೇ ಇಲ್ಲದ್ದರಿಂದ ಎಬಿಎಸ್ ಬಿಡುತ್ತಲೇ ಹೋಗುತ್ತದೆ. ಗಾಡಿ ಬೀಳುವುದಿಲ್ಲ, ನಿಲ್ಲುವುದೂ ಇಲ್ಲ. ನೀವು ತೇಲಿಕೊಂಡು ಆಚೆ ದಡ ಸೇರಿದಾಗ ಮೊರ ಹಿಡಿದ ಅಜ್ಜಿ, ‘ವಸಿ ಇನ್ನೊಂದ್ ದಪ ಓಡ್ಸು ಮಗ, ಸರ್ಯಾಗ್ ಉದುರಿಲ್ಲ’ ಎನ್ನುತ್ತಾರೆ. ಗಾಡಿಗಳಿಗೆ ಮಳೆಯ ಮೋಡ್, ಪೇಟೆಯ ಮೋಡ್ ಕೊಡುವ ಕಂಪನಿಗಳು ಒಕ್ಕಣೆ ಮೋಡ್ ಕೊಡುವವರೆಗೆ ತಿರುವಿಗೆ ಮೊದಲೇ ವೇಗ ಇಳಿಸಿ.

ತಾನಾಗಿ ಉರಿಯುವ ಹೆಡ್‌ಲೈಟ್

2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಇದನ್ನು ಆರಿಸುವ ಸ್ವಿಚ್ಚೇ ಇಲ್ಲ. ಇಂದಿಗೂ ಎದುರಿಂದ ಬರುವ ಹಿರಿಯರು ಮುಷ್ಟಿ ಬಿಚ್ಚಿ ಮುಚ್ಚಿ, ‘ಲೈಟು, ಲೈಟು!’ ಎಂದು ಕೂಗುವುದುಂಟು. ತಲೆಯಾಡಿಸಿ ಮುಂದೆ ಹೋಗಿ. ಓಡುವ ಗಾಡಿಯಿಂದ ಓಡುವ ಗಾಡಿಗೆ ಕೇಂದ್ರ ಸರ್ಕಾರದ ನಿಯಮ ವಿವರಿಸಲು ಹೋಗಬೇಡಿ.

ಕಣ್ಣು ಕುಕ್ಕುವ ಹೆಚ್ಚುವರಿ ಎಲ್ಇಡಿ ಹಾಕಿಸುವವರಿಗೆ ಒಂದು ಮಾತು: ಅದರಿಂದ ನಿಮಗೆ ದಾರಿ ಕಾಣುತ್ತದೆ, ಎದುರಿನವನಿಗೆ ತನ್ನ ಮುಂದಿನ ಎತ್ತಿನಗಾಡಿ ಕಾಣುವುದಿಲ್ಲ.

ಸೈಡ್ ಸ್ಟ್ಯಾಂಡ್ ಸೆನ್ಸರ್

ಸ್ಟ್ಯಾಂಡ್ ಇಳಿದಿದ್ದರೆ ಗಾಡಿ ಹೊರಡದಂತೆ ಎಂಜಿನ್ ಆರಿಸುತ್ತದೆ. ಅಗ್ಗದ, ಅತ್ಯುತ್ತಮ ಸಾಧನ. ಕೆಟ್ಟ ದಿನ ಮೆಕ್ಯಾನಿಕ್ ‘ಡೈರೆಕ್ಟ್ ಮಾಡ್ಕೊಡ್ಲಾ ಅಣ್ಣ?’ ಎಂದು ಕೇಳುತ್ತಾನೆ. ಬೇಡ ಎನ್ನಿ. ಎಡ ತಿರುವಿನಲ್ಲಿ ಸ್ಟ್ಯಾಂಡ್ ನೆಲಕ್ಕೆ ತಾಗಿದರೆ ಡೈರೆಕ್ಟಾಗಿ ಹೋಗುವವರು ನೀವು.

ಅಲಾರಂ

ಕಾಗೆ ಕೂತರೂ ಕೂಗುತ್ತದೆ. ನಿಮ್ಮಿಷ್ಟ.

ರಾಡಾರ್

2020ರ ಕೊನೆಗೆ ಡುಕಾಟಿ ಕಂಪನಿ ಹಿಂದೆ ಮುಂದೆ ಎರಡೂ ಕಡೆ ರಾಡಾರ್ ಇರುವ ಬೈಕನ್ನೇ ತಂದಿತು. ಆ ದುಡ್ಡಿಗೆ ಎರಡು ಟ್ರ್ಯಾಕ್ಟರ್ ಬರುತ್ತವೆ, ಅವಕ್ಕೆ ಹಿಂದಿನ ದೀಪವನ್ನೂ ಹಾಕಿಸಬಹುದು.

ಹಾಸ್ಯಕ್ಕೆ ಹೇಳಿದ್ದಲ್ಲ. ಕಬ್ಬು ಅರೆಯುವ ತಿಂಗಳುಗಳಲ್ಲಿ ಮದ್ದೂರಿನಿಂದ ಮಳವಳ್ಳಿಗೆ ಹೋಗುವಾಗ ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆ ಸಮೀಪಿಸಿದಂತೆ ಕತ್ತಲು ದಟ್ಟವಾಗಿ ಮುಂದೆ ಚಲಿಸುತ್ತಿರುವಂತೆ ತೋರಿದರೆ ಅದು ಕತ್ತಲಲ್ಲ, ಕಬ್ಬಿನ ಟ್ರೇಲರು. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ತಾಲ್ಲೂಕು ಮಳವಳ್ಳಿ. ಆ ದಾರಿಯ ಟ್ರೇಲರುಗಳಲ್ಲಿ ಎಷ್ಟೋ ಇನ್ನೂ ಆ ಕರೆಂಟಿಗೆ ಕಾಯುತ್ತಿವೆ. ಎಬಿಎಸ್ ಕೆಲಸ ಮಾಡಬೇಕಾದರೆ ನೀವು ಬ್ರೇಕ್ ಹಿಡಿಯಬೇಕು, ಬ್ರೇಕ್ ಹಿಡಿಯಬೇಕಾದರೆ ಎದುರಿನದು ಕಾಣಬೇಕು. ಈ ದಾರಿಯ ಅತಿ ಮುಖ್ಯ ಸಾಧನಕ್ಕೆ ಚಿಪ್ಪೂ ಇಲ್ಲ, ಬ್ಯಾಟರಿಯೂ ಇಲ್ಲ: ಬೆಳಕು ಬಿದ್ದರೆ ಹೊಳೆಯುವ ಕೆಂಪು ಸ್ಟಿಕ್ಕರ್ ಪಟ್ಟಿ. ಒಂದು ಸುರುಳಿ ಕೊಳ್ಳಿ. ಅರ್ಧ ನಿಮ್ಮ ಗಾಡಿಗೆ, ಉಳಿದರ್ಧ ಕಾರ್ಖಾನೆ ಮುಂದೆ ಸಾಲು ನಿಂತ ಟ್ರೇಲರಿಗೆ, ಚಾಲಕನನ್ನು ಕೇಳಿಯೇ ಅಂಟಿಸಿ.

ದೋಷ ಪತ್ತೆ

ಎಬಿಎಸ್ ದೀಪ ಗಾಡಿ ಹೊರಟ ಮೇಲೂ ಆರುತ್ತಿಲ್ಲ: ಗದ್ದೆಯಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರಿನ ಕೆಸರು ಸೆನ್ಸರಿಗೆ ಮೆತ್ತಿರಬಹುದು. ನೀರು ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಆಗಲೂ ಆರದಿದ್ದರೆ ಸರ್ವಿಸಿಗೆ ಬಿಡಿ.

ಮುಂದಿನ ಟ್ರೇಲರಿನ ದೀಪ ಕಾಣುತ್ತಿಲ್ಲ: ದೂರ ಉಳಿಯಿರಿ. ಗಾಡಿ ನಿಂತಾಗ ಸೋಗೆ ಎತ್ತಿ ನೋಡಿ, ಕೆಲವೊಮ್ಮೆ ಅಲ್ಲೇ ಉರಿಯುತ್ತಿರುತ್ತದೆ.